ಫೋಟೊ ಜೆಪಿಜಿ ಮಾಡೋದು, ಕೆಬಿ ಇಳಿಸೋದು: ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ, ಜೊತೆಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಕೆಲಸ. ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್, ಎರಡು ಪ್ಲಾಸ್ಟಿಕ್ ಕುರ್ಚಿ, ಕರೆಂಟ್ ಹೋದರೆ ಅರ್ಧ ಗಂಟೆ ತಡೆಯುವ ಯುಪಿಎಸ್. ಅರ್ಜಿಯ ಕೊನೇ ದಿನ ಬಂತೆಂದರೆ ಬೆಳಗ್ಗೆಯಿಂದ ಒಂದೇ ಮಾತು, "ಅಣ್ಣಾರ, ಫೋಟೊ ಅಪ್‌ಲೋಡ್ ಆಗವಲ್ದು ನೋಡ್ರಿ". ಕೇಳುವ ಪ್ರಶ್ನೆಗಳೂ ಅವೇ, ನಾನು ಹೇಳುವ ಉತ್ತರಗಳೂ ಅವೇ. ಬಾಯಿ ನೋಯುವ ಬದಲು ಒಂದು ಸಲ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಫೋಟೊ ಅಂದ್ರೆ ಫೋಟೊನೇ ಅಲ್ವಾ? ಈ ಫಾರ್ಮ್ಯಾಟ್ ಅಂದ್ರೆ ಏನು?

ಜೋಳ ಒಂದೇ, ಚೀಲ ಬೇರೆ ಬೇರೆ. ಫೋಟೊ ಅಂದರೆ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು, ಅವಕ್ಕೆ ಪಿಕ್ಸೆಲ್ ಅನ್ನುತ್ತಾರೆ. 4000 ಅಗಲ, 3000 ಎತ್ತರದ ಫೋಟೊದಲ್ಲಿ 1 ಕೋಟಿ 20 ಲಕ್ಷ ಚುಕ್ಕಿ ಇರುತ್ತವೆ. ಒಂದೊಂದಕ್ಕೆ 3 ಬೈಟ್ (ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಲೆಕ್ಕ) ಅಂತ ಹಿಡಿದರೆ ಹತ್ತಿರ ಹತ್ತಿರ 36 ಎಂಬಿ. ಇಷ್ಟನ್ನೂ ಹಾಗೇ ಇಟ್ಟರೆ ಫೋನ್ ಎರಡೇ ವಾರಕ್ಕೆ ತುಂಬುತ್ತದೆ. ಅದಕ್ಕೆ ಒತ್ತಿ, ಮಡಚಿ ಇಡಬೇಕು. ಹೇಗೆ ಮಡಚಬೇಕು ಅನ್ನುವ ನಿಯಮವೇ ಫಾರ್ಮ್ಯಾಟ್.

ಮಡಚುವುದರಲ್ಲಿ ಎರಡು ಜಾತಿ. ಒಂದು, ಬಿಚ್ಚಿದರೆ ಮೊದಲು ಇದ್ದ ಹಾಗೇ ಸಿಗುತ್ತದೆ, ಒಂದು ಚುಕ್ಕಿಯೂ ಹೋಗುವುದಿಲ್ಲ. ಪಿಎನ್‌ಜಿ ಇಂಥದ್ದು. ಇನ್ನೊಂದು, ಕಣ್ಣಿಗೆ ಗೊತ್ತಾಗದ ವಿವರವನ್ನು ಎಸೆದು ಹಗುರ ಮಾಡುತ್ತದೆ. ಜೆಪಿಜಿ ಇಂಥದ್ದು. ಎಸೆದದ್ದು ವಾಪಸ್ ಬರುವುದಿಲ್ಲ, ಮೊಸರನ್ನು ಮತ್ತೆ ಹಾಲು ಮಾಡೋಕಾಗುತ್ತಾ? ಇದೊಂದು ಗೊತ್ತಿದ್ದರೆ ಕೆಳಗಿನ ಅರ್ಧ ಪ್ರಶ್ನೆಗಳು ಬೇಕಾಗಿಯೇ ಇಲ್ಲ.

ಜೆಪಿಜಿ ಬೇರೆ, ಜೆಪಿಇಜಿ ಬೇರೆನಾ?

ಎರಡೂ ಒಂದೇ. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದಲ್ಲಿ ಫೈಲ್ ಹೆಸರಿನ ಬಾಲಕ್ಕೆ ಮೂರೇ ಅಕ್ಷರ ಇಡಬಹುದಿತ್ತು, ಅದಕ್ಕೆ ನಡುವಿನ ಇ ಅಕ್ಷರ ಬಿಟ್ಟರು. ಅರ್ಜಿಯ ಪುಟ ಜೆಪಿಇಜಿ ಬೇಡ, ಜೆಪಿಜಿಯೇ ಬೇಕು ಅಂತ ಹಟ ಹಿಡಿದರೆ ಹೆಸರು ಬದಲಾಯಿಸಿ, ಏನೂ ಆಗುವುದಿಲ್ಲ. ವಿಂಡೋಸ್‌ನಲ್ಲಿ ಬ್ರೌಸರ್‌ನಿಂದ ಇಳಿಸಿಕೊಂಡಾಗ ಒಮ್ಮೊಮ್ಮೆ ಜೆಎಫ್‌ಐಎಫ್ ಅಂತ ಬರುತ್ತದಲ್ಲ, ಅದರ ಒಳಗಿರುವುದೂ ಜೆಪಿಜಿಯೇ. ಅದಕ್ಕೂ ಹೆಸರು ಬದಲಿಸಿದರೆ ಸಾಕು.

ಹಾಗಾದ್ರೆ ಪಿಎನ್‌ಜಿಗೂ ಹೆಸರು ಬದಲಿಸಿದ್ರೆ ಜೆಪಿಜಿ ಆಗುತ್ತಲ್ವಾ?

ಆಗುವುದಿಲ್ಲ! ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಇದೇ.

ಹೋದ ವರ್ಷ ಕುಷ್ಟಗಿ ಕಡೆಯ ಹುಡುಗಿಯೊಬ್ಬಳು ಸಂಜೆ ಏಳಕ್ಕೆ ಓಡಿಬಂದಳು. ರಾತ್ರಿ 12ಕ್ಕೆ ಅರ್ಜಿ ಬಂದ್. ಫೈಲ್ ಹೆಸರು ಸರಿ ಇದೆ, ಕೆಬಿ ಸರಿ ಇದೆ, ಆದರೂ ಪುಟ ಕೆಂಪು ಅಕ್ಷರದಲ್ಲಿ "ಫೈಲ್ ಸರಿಯಿಲ್ಲ" ಅನ್ನುತ್ತಿದೆ. ನಾನೂ ಎರಡು ಸಲ ಹಾಕಿ ನೋಡಿದೆ, ಸರ್ವರ್‌ಗೆ ಬೈದೆ. ಆಮೇಲೆ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಏನೇನೋ ಗೀಚಿದ ಹಾಗೆ ಅಕ್ಷರಗಳು ಬಂದವು, ಆದರೆ ಮೊದಲ ಸಾಲಿನಲ್ಲೇ ಪಿ, ಎನ್, ಜಿ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಸ್ಪಷ್ಟ. "ತಂಗಿ, ಇದರ ಹೆಸರು ನೀನೇ ಬದಲಾಯಿಸಿದೆಯಾ?" ಅಂದರೆ, "ಹೌದ್ರಿ ಅಣ್ಣಾರ, ಫೋನ್‌ನಾಗೇ ಜೆಪಿಜಿ ಅಂತ ಬರದೀನಿ" ಅಂದಳು.

ಫೈಲ್‌ನ ಮೊದಲ ಕೆಲವು ಬೈಟ್‌ಗಳಲ್ಲಿ ಅದರ ನಿಜವಾದ ಜಾತಿ ಬರೆದಿರುತ್ತದೆ. ಹುಷಾರಾದ ಪುಟಗಳು ಹೆಸರು ನೋಡುವುದಿಲ್ಲ, ಅದನ್ನೇ ನೋಡುತ್ತವೆ. ಜೆಪಿಜಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಮಾನ್ಯವಾಗಿ ಶುರುವಿನಲ್ಲೇ ಜೆಎಫ್‌ಐಎಫ್ ಅಥವಾ ಎಕ್ಸಿಫ್ ಅನ್ನುವ ಅಕ್ಷರ ಸಿಗುತ್ತವೆ. ನೋಡಿ ಹಾಗೇ ಮುಚ್ಚಿ, ಅಲ್ಲಿ ಸೇವ್ ಮಾತ್ರ ಒತ್ತಬೇಡಿ, ಫೈಲ್ ಕೆಡುತ್ತದೆ.

ಸರಿಯಾದ ದಾರಿ ಸುಲಭ. ಪೇಂಟ್‌ನಲ್ಲಿ ತೆರೆಯಿರಿ, ಸೇವ್ ಆ್ಯಸ್‌ಗೆ ಹೋಗಿ, ಜೆಪಿಇಜಿ ಆರಿಸಿ. ಆ ಹುಡುಗಿಯ ಅರ್ಜಿ ಒಂಬತ್ತೂವರೆಗೆ ಮುಗಿಯಿತು, ಅವಳ ಅಪ್ಪ ಹೊರಗೆ ಬೈಕ್ ಮೇಲೆ ಕೂತೇ ಇದ್ದರು.

ಐಫೋನ್ ಫೋಟೊ ನಿಮ್ಮ ಕಂಪ್ಯೂಟರಿನಲ್ಲಿ ಯಾಕೆ ತೆರೆಯಲ್ಲ?

ಅದು ಎಚ್‌ಇಐಸಿ. 2017ರಲ್ಲಿ ಐಓಎಸ್ 11 ಬಂದಾಗಿನಿಂದ ಐಫೋನ್ ಇದನ್ನೇ ಬಳಸುತ್ತದೆ. ಕೆಟ್ಟ ಫಾರ್ಮ್ಯಾಟ್ ಅಲ್ಲ, ಜೆಪಿಜಿಗಿಂತ ಕಡಿಮೆ ಜಾಗದಲ್ಲಿ ಅದೇ ಫೋಟೊ ಹಿಡಿಸುತ್ತದೆ. ಆದರೆ ಅರ್ಜಿಯ ಪುಟಗಳಿಗೆ, ಹಳೇ ವಿಂಡೋಸ್‌ಗೆ ಅದರ ಪರಿಚಯ ಇಲ್ಲ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಅಳಿಯಂದಿರು ಸಾಮಾನ್ಯವಾಗಿ ಈ ತಾಪತ್ರಯ ಹೊತ್ತುಕೊಂಡೇ ಬರುತ್ತಾರೆ.

ಮುಂದೆ ತೆಗೆಯುವ ಫೋಟೊ ಜೆಪಿಜಿಯಲ್ಲೇ ಬರಬೇಕು ಅಂದರೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿ. ಈಗಾಗಲೇ ತೆಗೆದದ್ದು ಬದಲಾಗುವುದಿಲ್ಲ. ಕೇಬಲ್ ಹಾಕಿ ಕಂಪ್ಯೂಟರಿಗೆ ಹಾಕಿಕೊಳ್ಳುವವರು ಫೋಟೋಸ್ ಸೆಟ್ಟಿಂಗ್‌ನಲ್ಲಿ ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ ಅನ್ನುವಲ್ಲಿ ಆಟೋಮ್ಯಾಟಿಕ್ ಇಟ್ಟರೆ, ಫೋನೇ ಜೆಪಿಜಿ ಮಾಡಿ ಕೊಡುತ್ತದೆ. ಸ್ಯಾಮ್‌ಸಂಗ್‌ನ ಕೆಲವು ಫೋನ್‌ಗಳಲ್ಲೂ ಹೈ ಎಫಿಶಿಯನ್ಸಿ ಅನ್ನುವ ಗುಂಡಿ ಇದೆ, ಅದು ಆನ್ ಇದ್ದರೆ ಇದೇ ಕಥೆ.

ಅರ್ಜಿಗೆ 20ರಿಂದ 50 ಕೆಬಿ ಒಳಗೆ ಫೋಟೊ ಬೇಕಂತೆ, ನನ್ನದು 4 ಎಂಬಿ ಇದೆ. ಹೇಗೆ?

ಇದು ನಿಧಾನವಾಗಿ ಓದಿ. ಎಲ್ಲರೂ ಎಡವುವುದು ಇಲ್ಲೇ.

ಕೆಬಿ ಬೇರೆ, ಪಿಕ್ಸೆಲ್ ಬೇರೆ. ಪಿಕ್ಸೆಲ್ ಅಂದರೆ ಚುಕ್ಕಿಗಳ ಲೆಕ್ಕ, ಕೆಬಿ ಅಂದರೆ ಫೈಲಿನ ತೂಕ, ಸುಮಾರು ಸಾವಿರ ಕೆಬಿ ಸೇರಿದರೆ ಒಂದು ಎಂಬಿ. 4000 ಪಿಕ್ಸೆಲ್ ಅಗಲದ ಫೋಟೊವನ್ನು ಹಾಗೇ ಇಟ್ಟುಕೊಂಡು 50 ಕೆಬಿಗೆ ಒತ್ತಿದರೆ ಮುಖ ಚೌಕಚೌಕವಾಗಿ, ನೀರು ಬಿದ್ದ ರಂಗೋಲಿಯ ಹಾಗೆ ಕಾಣುತ್ತದೆ. ಜೆಪಿಜಿ ಫೋಟೊವನ್ನು 8ಕ್ಕೆ 8 ಚುಕ್ಕಿಯ ಚೌಕಗಳಾಗಿ ಕತ್ತರಿಸಿ ಒಂದೊಂದನ್ನೂ ಬೇರೆಯಾಗಿ ಒತ್ತುತ್ತದೆ, ಅತಿ ಮಾಡಿದರೆ ಆ ಚೌಕಗಳ ಅಂಚು ಕಣ್ಣಿಗೆ ಹೊಡೆಯುತ್ತವೆ. ಅದಕ್ಕೆ ಮೊದಲು ಕತ್ತರಿಸಿ, ಆಮೇಲೆ ಪಿಕ್ಸೆಲ್ ಇಳಿಸಿ, ಕೊನೆಗೆ ಕ್ವಾಲಿಟಿ. ಈ ಕ್ರಮ ತಪ್ಪಿಸಬೇಡಿ.

ಐಬಿಪಿಎಸ್ ಬ್ಯಾಂಕ್ ಪರೀಕ್ಷೆ ಅರ್ಜಿಯನ್ನೇ ತಗೊಳ್ಳಿ. ಫೋಟೊಗೆ 200ಕ್ಕೆ 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿಗೆ 140ಕ್ಕೆ 60 ಪಿಕ್ಸೆಲ್, 10ರಿಂದ 20 ಕೆಬಿ ಅಂತ ಕೇಳುತ್ತಾ ಬಂದಿದ್ದಾರೆ. ಈಗ ಸ್ಟುಡಿಯೊದವರು ಕೊಡುವ ಪಾಸ್‌ಪೋರ್ಟ್ ಫೋಟೊ 35ಕ್ಕೆ 45 ಮಿಲಿಮೀಟರ್, ಅದು ಉದ್ದ. 200ಕ್ಕೆ 230 ಅಷ್ಟು ಉದ್ದ ಅಲ್ಲ. ಸುಮ್ನೆ ಎರಡು ನಂಬರ್ ಟೈಪ್ ಮಾಡಿ ಓಕೆ ಒತ್ತಿದರೆ ಫೋಟೊ ಅಡ್ಡಕ್ಕೆ ಹಿಗ್ಗಿ ಗಲ್ಲ ಊದಿಕೊಳ್ಳುತ್ತದೆ. ಎಷ್ಟೋ ಹುಡುಗರ ಹಾಲ್ ಟಿಕೆಟ್‌ನಲ್ಲಿ ಈ ಊದಿದ ಮುಖ ನೋಡಿದ್ದೇನೆ. ಮೊದಲು ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿ ಆ ಅಳತೆಯ ಆಕಾರಕ್ಕೆ ತನ್ನಿ, ಆಮೇಲೆ ಚಿಕ್ಕದು ಮಾಡಿ.

ಸಹಿಯದು ಇನ್ನೊಂದು ಗೋಳು. ಪೂರ್ತಿ ಎ4 ಹಾಳೆಯ ಮಧ್ಯೆ ಇರುವೆಯಷ್ಟು ಸಹಿ ಮಾಡಿ, ಇಡೀ ಹಾಳೆಯ ಫೋಟೊ ತೆಗೆದು ಕಳಿಸುತ್ತಾರೆ. ಅದನ್ನು 140 ಪಿಕ್ಸೆಲ್‌ಗೆ ಇಳಿಸಿದರೆ ಸಹಿ ಎಲ್ಲಿ ಉಳಿಯುತ್ತದೆ? ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಲ್ಲಿ ದೊಡ್ಡದಾಗಿ ಸಹಿ ಮಾಡಿ, ಬೆಳಕಿನಲ್ಲಿ ನಿಮ್ಮ ನೆರಳು ಬೀಳದ ಹಾಗೆ ಫೋಟೊ ತೆಗೆದು, ಸಹಿಯ ಸುತ್ತ ಬಿಗಿಯಾಗಿ ಕತ್ತರಿಸಿ. ಇಂಗ್ಲಿಷ್‌ನ ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದರೆ ಅವರು ತಗೊಳ್ಳುವುದಿಲ್ಲ, ಅದೂ ನೆನಪಿರಲಿ.

ಕೆಬಿ ಹೊಂದಿಸುವುದಕ್ಕೆ ನಾನು ಬಳಸುವುದು ಇರ್ಫಾನ್‌ವ್ಯೂ ಅನ್ನುವ ಸಾಫ್ಟ್‌ವೇರ್, ಮನೆ ಬಳಕೆಗೆ ಉಚಿತ. ಜೆಪಿಜಿ ಸೇವ್ ಮಾಡುವಾಗ ಇಷ್ಟೇ ಕೆಬಿ ಇರಲಿ ಅಂತ ನಂಬರ್ ಹಾಕುವ ಜಾಗ ಅದರಲ್ಲಿದೆ. 50 ಅಂತ ಇದ್ದರೆ 45 ಹಾಕಿ, ಗಡಿಗೆ ತಾಗಿಸಬೇಡಿ. ಕೆಳಗಿನ ಗಡಿಯನ್ನೂ ನೋಡಿ. 18 ಕೆಬಿಗೆ ಇಳಿಸಿಕೊಂಡು ಬಂದು "50ಕ್ಕಿಂತ ಕಡಿಮೆನೇ ಐತಲ್ರಿ" ಅನ್ನುವವರು ಇದ್ದಾರೆ, 20ಕ್ಕಿಂತ ಕಡಿಮೆ ಆದರೂ ಅದು ಹೋಗುವುದಿಲ್ಲ. ಅಳತೆ ಅರ್ಜಿಯಿಂದ ಅರ್ಜಿಗೆ ಬೇರೆ, ಪ್ರತಿ ಸಲ ಆಯಾ ಅಧಿಸೂಚನೆ ತೆಗೆದು ನೋಡಿ.

ಮಸುಕಾದ ಜೆಪಿಜಿಯನ್ನು ಪಿಎನ್‌ಜಿ ಮಾಡಿದ್ರೆ ಕ್ಲಿಯರ್ ಆಗುತ್ತಾ?

ಇಲ್ಲ. ಮಸುಕು ಹಾಗೇ ಇರುತ್ತದೆ, ಫೈಲ್ ಮಾತ್ರ ಹಲವು ಪಟ್ಟು ದಪ್ಪ ಆಗುತ್ತದೆ. ಇದಕ್ಕೆ ದುಡ್ಡು ತಗೊಂಡವರಿದ್ದರೆ ವಾಪಸ್ ಕೇಳಿ.

ಉಲ್ಟಾ ಇನ್ನೊಂದು ಇದೆ. ಝೆರಾಕ್ಸ್‌ನ ಝೆರಾಕ್ಸ್‌ನ ಝೆರಾಕ್ಸ್ ತೆಗೆದರೆ ಏನಾಗುತ್ತದೆ ಅಂತ ನನ್ನ ಅಂಗಡಿಗೆ ಬರುವವರಿಗೆ ಹೇಳಬೇಕಾಗಿಲ್ಲ. ಜೆಪಿಜಿ ತೆರೆದು, ಏನೋ ಬದಲಿಸಿ, ಮತ್ತೆ ಜೆಪಿಜಿಯಾಗಿ ಸೇವ್ ಮಾಡಿದ ಪ್ರತಿ ಸಲ ಒಂದಿಷ್ಟು ಹೋಗುತ್ತದೆ. ಸುಮ್ನೆ ತೆರೆದು ನೋಡಿದರೆ, ಕಾಪಿ ಮಾಡಿದರೆ ಏನೂ ಹೋಗುವುದಿಲ್ಲ. ಅದಕ್ಕೆ ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಮುಟ್ಟದೆ ಒಂದು ಕಡೆ ಇಡಿ. ಯಾವ ಅಳತೆ ಬೇಕಾದರೂ ಪ್ರತಿ ಸಲ ಅದರಿಂದಲೇ ಹೊಸದಾಗಿ ಮಾಡಿ. ಹೋದ ಅರ್ಜಿಗೆ ಮಾಡಿದ 40 ಕೆಬಿ ಫೋಟೊವನ್ನೇ ಈ ಅರ್ಜಿಗೂ ಎಳೆದಾಡಬೇಡಿ.

ಸ್ಕ್ರೀನ್‌ಶಾಟ್‌ಗೆ ಯಾವುದು ಒಳ್ಳೇದು?

ಪಿಎನ್‌ಜಿ, ಎರಡು ಮಾತಿಲ್ಲ. ಜೆಪಿಜಿ ಮುಖ, ಗುಡ್ಡ, ಹೊಲಕ್ಕೆ ಚೆಂದ, ಅಕ್ಷರಕ್ಕೆ ಅಲ್ಲ. ಒಂದು ಪಹಣಿಯ ಸ್ಕ್ರೀನ್‌ಶಾಟನ್ನು ಜಾಸ್ತಿ ಒತ್ತಿದ ಜೆಪಿಜಿ ಮಾಡಿ ದೊಡ್ಡದು ಮಾಡಿ ನೋಡಿ. ಪ್ರತಿ ಅಕ್ಷರದ ಸುತ್ತ ಬೂದು ಬಣ್ಣದ ಗಲೀಜು, ಗುಂಗಾಡು ಮುತ್ತಿದ ಹಾಗೆ. ನಮ್ಮ ಒತ್ತಕ್ಷರಗಳು ಚಿಕ್ಕವು, ಮೊದಲು ಹಾಳಾಗುವುದು ಅವೇ. ಸರ್ವೆ ನಂಬರಿನ 3 ಯಾವುದು 8 ಯಾವುದು ಅಂತ ಕಣ್ಣು ಕಿರಿದು ಮಾಡಬೇಕಾಗುತ್ತದೆ. ಜಮೀನಿನ ಕಾಗದದಲ್ಲಿ ಅದು ಆಟ ಅಲ್ಲ.

ಪಿಎನ್‌ಜಿಯನ್ನು ಜೆಪಿಜಿ ಮಾಡಿದ ಕೂಡಲೇ ಹಿಂದಿನ ಬಣ್ಣ ಕಪ್ಪಾಯಿತು, ಯಾಕೆ?

ಆ ಪಿಎನ್‌ಜಿಗೆ ಹಿನ್ನೆಲೆಯೇ ಇರಲಿಲ್ಲ, ಖಾಲಿ ಇತ್ತು. ಜೆಪಿಜಿಗೆ ಖಾಲಿ ಅನ್ನುವುದು ಗೊತ್ತಿಲ್ಲ, ಏನಾದರೂ ಬಣ್ಣ ತುಂಬಲೇಬೇಕು. ಕೆಲವು ಆ್ಯಪ್ ಬಿಳಿ ತುಂಬುತ್ತವೆ, ಕೆಲವು ಕಪ್ಪು.

ಕಿನ್ನಾಳದ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರಬೇಕು ಅಂತ ಒಬ್ಬರು ಬಂದಿದ್ದರು. ಕಟ್ಟಿಗೆಯ ಗರುಡ, ಕೆಂಪು ಹಸಿರು ಬಣ್ಣ ಹೊಳೆಯುತ್ತಿತ್ತು. ಹಿನ್ನೆಲೆ ತೆಗೆದು ಪಿಎನ್‌ಜಿ ಮಾಡಿಕೊಟ್ಟೆ. ಮನೆಗೆ ಹೋಗಿ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಕಳಿಸಿದ ಹಾಗೆ ಮಗನಿಗೆ ಕಳಿಸಿದರು. ವಾಟ್ಸ್‌ಆ್ಯಪ್ ಅದನ್ನು ಜೆಪಿಜಿ ಮಾಡಿತು, ಹಿನ್ನೆಲೆ ಮತ್ತೆ ತುಂಬಿಕೊಂಡಿತು. ಇಂಥದ್ದನ್ನು ಡಾಕ್ಯುಮೆಂಟ್ ಅಂತಲೇ ಕಳಿಸಬೇಕು. ಎಲ್ಲ ಕಡೆಗೂ ಇದೇ ಮಾತು, ಮೂಲ ಫೈಲ್ ಹಾಗೇ ಹೋಗಬೇಕು ಅಂದರೆ ಪಿನ್ ಗುರುತು ಒತ್ತಿ ಡಾಕ್ಯುಮೆಂಟ್ ಆರಿಸಿ.

ವೆಬ್‌ಪಿ ಅಂತ ಬರುತ್ತಲ್ಲ, ಅದು ವೈರಸ್ಸಾ?

ಅಲ್ಲಪ್ಪ. 2010ರಲ್ಲಿ ಗೂಗಲ್ ತಂದ ಫಾರ್ಮ್ಯಾಟ್, ವೆಬ್‌ಸೈಟ್ ಬೇಗ ತೆರೆಯಲಿ ಅಂತ. ಹೊಸ ವಿಂಡೋಸ್‌ನ ಪೇಂಟ್‌ನಲ್ಲಿ ತೆರೆದು ಜೆಪಿಜಿ ಮಾಡಿಕೊಳ್ಳಿ.

ಬ್ಯಾನರ್‌ಗೆ ವಾಟ್ಸ್‌ಆ್ಯಪ್ ಫೋಟೊ ನಡೆಯುತ್ತಾ?

ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಈ ಪ್ರಶ್ನೆ ಶುರು. ಸ್ವಾಗತ ಕೋರುವ ಬ್ಯಾನರ್, ಕೆಳಗೆ ಹದಿನೈದು ಮುಖ, ಹದಿನೈದೂ ವಾಟ್ಸ್‌ಆ್ಯಪ್‌ನಿಂದ ಬಂದವು. ಲೆಕ್ಕ ಹಾಕಿ ನೋಡೋಣ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 10 ಅಡಿ ಅಂದರೆ 120 ಇಂಚು. ಆ ಫೋಟೊವನ್ನು ಪೂರ್ತಿ 10 ಅಡಿಗೆ ಎಳೆದರೆ ಇಂಚಿಗೆ 13 ಚುಕ್ಕಿ. ದೂರದಿಂದ ನೋಡುವ ಬ್ಯಾನರ್‌ಗೆ ಇಂಚಿಗೆ 72 ಇದ್ದರೂ ಸಾಕು, ಆದರೆ ಅದಕ್ಕೂ 8640 ಪಿಕ್ಸೆಲ್ ಬೇಕು. ಮುಖ ಒಂದೊಂದು ಅಡಿ ಮಾತ್ರ ಇದ್ದರೆ ನಡೆಯುತ್ತದೆ. ಫಾರ್ಮ್ಯಾಟ್ ಬದಲಿಸಿ ಚುಕ್ಕಿ ಹುಟ್ಟಿಸೋಕೆ ಯಾರಿಂದಲೂ ಆಗುವುದಿಲ್ಲ.

ಪ್ರಿಂಟಿಂಗ್‌ನವರು ಸಿಎಂವೈಕೆ ಕೇಳಬಹುದು, ಅದು ಶಾಯಿಯ ನಾಲ್ಕು ಬಣ್ಣದ ಲೆಕ್ಕ. ಪರದೆಯ ಮೇಲೆ ಮಿಂಚುವ ಹಸಿರು, ನೀಲಿ ಅಲ್ಲಿ ಸ್ವಲ್ಪ ಸಪ್ಪೆ ಆಗುತ್ತವೆ, ಅದು ಅವರ ತಪ್ಪಲ್ಲ.

ಲೋಗೊದ ಜೆಪಿಜಿ ಇದೆ, ಸಿಡಿಆರ್ ಮಾಡಿಕೊಡ್ತೀರಾ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ನಮ್ಮ ಸಂಬಂಧಿಕರೊಬ್ಬರು ಲೇಬಲ್‌ಗೆ ಹೀಗೇ ಕೇಳಿದ್ದರು. ಅದಕ್ಕೂ ಮೊದಲು ಯಾರೋ ಅವರಿಗೆ ಜೆಪಿಜಿಯನ್ನು ಡಿಸೈನ್ ಮಾಡುವ ಕೋರೆಲ್‌ಡ್ರಾ ಸಾಫ್ಟ್‌ವೇರ್‌ನೊಳಗೆ ತಂದು, ಹಾಗೇ ಅದರ ಫಾರ್ಮ್ಯಾಟ್ ಆದ ಸಿಡಿಆರ್ ಅಂತ ಸೇವ್ ಮಾಡಿ ಕೊಟ್ಟಿದ್ದರು. ಡಬ್ಬಿ ಹೊಸದು, ಒಳಗೆ ಅದೇ ಜೆಪಿಜಿ. ದೊಡ್ಡದು ಮಾಡಿದರೆ ಅಂಚು ಮೆಟ್ಟಿಲು ಮೆಟ್ಟಿಲು. ಸಿಡಿಆರ್, ಎಸ್‌ವಿಜಿ ಇವುಗಳಲ್ಲಿ ಇರಬೇಕಾದದ್ದು ಚುಕ್ಕಿ ಅಲ್ಲ, ಗೆರೆ. ಇಲ್ಲಿಂದ ಅಲ್ಲಿಗೆ ಇಷ್ಟು ಬಾಗಿದ ಗೆರೆ ಅನ್ನುವ ಲೆಕ್ಕ, ಅದಕ್ಕೇ ಎಷ್ಟು ಹಿಗ್ಗಿಸಿದರೂ ಚೂಪಾಗಿರುತ್ತದೆ. ಜೆಪಿಜಿಯ ಮೇಲೆ ಗೆರೆಗಳನ್ನು ಮತ್ತೆ ಬರೆಯಬೇಕು. ತಂತಾನೇ ಬರೆಯುವ ಟ್ರೇಸ್ ಇದೆ, ಸರಳ ಲೋಗೊಗೆ ಪರವಾಗಿಲ್ಲ, ಕನ್ನಡ ಅಕ್ಷರ ಇದ್ದರೆ ಕೈಯಲ್ಲೇ ತಿದ್ದಬೇಕು. ಹಾಗಾಗಿ ಅದು ಐದು ನಿಮಿಷದ ಕೆಲಸ ಅಲ್ಲ, ದುಡ್ಡೂ ಬೇರೆ.

ಹಳೇ ಕಾಲದ ಫೋಟೊ ಸ್ಕ್ಯಾನ್ ಮಾಡಿಸಬೇಕು, ಯಾವ ಫಾರ್ಮ್ಯಾಟ್?

ಟಿಫ್ (ಇದೂ ಸಾಮಾನ್ಯವಾಗಿ ಪಿಎನ್‌ಜಿ ಹಾಗೆ ಏನೂ ಎಸೆಯದ ಫಾರ್ಮ್ಯಾಟ್) ಅಥವಾ ಪಿಎನ್‌ಜಿ, 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ. ಮುನಿರಾಬಾದ್ ಕಡೆಯ ಹಿರಿಯರೊಬ್ಬರು ತುಂಗಭದ್ರಾ ಡ್ಯಾಂ ಕಟ್ಟುವಾಗ ಅವರ ಅಪ್ಪ ತೆಗೆಸಿಕೊಂಡ ಫೋಟೊ ತಂದಿದ್ದರು. ಡ್ಯಾಂ ಮುಗಿದದ್ದು 1953ರಲ್ಲಿ, ಅಂದರೆ ಫೋಟೊಗೆ 70 ವರ್ಷ ದಾಟಿದೆ. ಮೂಲೆಯಲ್ಲಿ ಗೆದ್ದಲು ತಿಂದಿತ್ತು, ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಹೆಸರು ಅರ್ಧ ಅಳಿಸಿತ್ತು. 4ಕ್ಕೆ 6 ಇಂಚಿನ ಅಂಥ ಫೋಟೊ 600 ಡಿಪಿಐನಲ್ಲಿ 2400ಕ್ಕೆ 3600 ಪಿಕ್ಸೆಲ್ ಆಗುತ್ತದೆ, ಬಣ್ಣದಲ್ಲಿ ಒತ್ತದೆ ಇಟ್ಟರೆ ಸುಮಾರು 26 ಎಂಬಿ. ಕಪ್ಪು ಬಿಳುಪು ಫೋಟೊ ಆದರೂ ನಾನು ಬಣ್ಣದಲ್ಲೇ ಸ್ಕ್ಯಾನ್ ಮಾಡುತ್ತೇನೆ, ಕಲೆ ಯಾವುದು ನೆರಳು ಯಾವುದು ಅಂತ ಆಮೇಲೆ ತಿದ್ದುವಾಗ ಗೊತ್ತಾಗುತ್ತದೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಮನೆಯವರಿಗೆ ಹಂಚೋಕೆ ಅದರಿಂದ ಒಂದು ಜೆಪಿಜಿ ಮಾಡಿಕೊಂಡರೆ ಆಯಿತು.

ಅಂಕಪಟ್ಟಿ ಪಿಡಿಎಫ್ ಇದೆ, ಜೆಪಿಜಿ ಕೇಳುತ್ತಿದ್ದಾರೆ

ಪರದೆಯ ಫೋಟೊ ಮಾತ್ರ ತೆಗೆಯಬೇಡಿ, ಗೆರೆಗೆರೆ ಬರುತ್ತದೆ. ಗಿಂಪ್ ಅನ್ನುವ ಫೋಟೊ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಪಿಡಿಎಫ್ ತೆರೆದರೆ ಎಷ್ಟು ಡಿಪಿಐ ಅಂತ ಕೇಳುತ್ತದೆ, 150 ಸಾಕು, ಪ್ರಿಂಟ್‌ಗೆ ಬೇಕಾದರೆ 300. ಆಮೇಲೆ ಜೆಪಿಜಿಯಾಗಿ ಎಕ್ಸ್‌ಪೋರ್ಟ್ ಮಾಡಿ. ಉಲ್ಟಾ ಬೇಕಾದರೆ ಪ್ರಿಂಟ್ ಒತ್ತಿ ಪ್ರಿಂಟರ್ ಬದಲು ಪ್ರಿಂಟ್ ಟು ಪಿಡಿಎಫ್ ಆರಿಸಿ.

ಆನ್‌ಲೈನ್‌ನಲ್ಲಿ ಫ್ರೀ ಕನ್ವರ್ಟರ್ ಇವೆಯಲ್ಲ, ಬಳಸಬಹುದಾ?

ಹೂವಿನ ಫೋಟೊಗೆ ಬಳಸಿ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಹಾಕಬೇಡಿ. ಅಂಥ ಬಹಳಷ್ಟು ಸೈಟ್‌ಗಳಲ್ಲಿ ನಿಮ್ಮ ಫೈಲ್ ಮೊದಲು ಯಾರದೋ ಸರ್ವರ್‌ಗೆ ಹೋಗುತ್ತದೆ, ಅಲ್ಲಿ ಎಷ್ಟು ದಿನ ಇರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಸ್ಕ್ವೂಶ್ ಅನ್ನುವ ಸೈಟ್ ಬೇರೆ ಥರ, ಅದು ನಿಮ್ಮ ಬ್ರೌಸರ್ ಒಳಗೇ ಕೆಲಸ ಮಾಡುತ್ತದೆ, ಫೋಟೊ ಹೊರಗೆ ಹೋಗುವುದಿಲ್ಲ.

ಜಿಪಿಎಸ್ ಫೋಟೊ ಕಳಿಸಿದೆ, ಜಾಗ ತೋರಿಸ್ತಿಲ್ಲ ಅಂತಾರೆ

ಫೋಟೊ ಎಲ್ಲಿ, ಯಾವಾಗ ತೆಗೆದದ್ದು ಅನ್ನುವುದು ಫೈಲ್ ಒಳಗೆ ಎಕ್ಸಿಫ್ ಅನ್ನುವ ಚೀಟಿಯಲ್ಲಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಆ ಚೀಟಿ ಉದುರಿ ಹೋಗುತ್ತದೆ, ಕೆಲವು ಕನ್ವರ್ಟರ್‌ಗಳೂ ಅದನ್ನು ಬಿಟ್ಟುಬಿಡುತ್ತವೆ. ಮತ್ತೆ ಅದೇ ಉತ್ತರ, ಡಾಕ್ಯುಮೆಂಟ್ ಆಗಿ ಕಳಿಸಿ. ಮನೆಯ ಮುಂದೆ ತೆಗೆದ ಫೋಟೊ ಅಪರಿಚಿತರಿಗೆ ಕಳಿಸುವಾಗ ಆ ಚೀಟಿ ಉದುರಿದರೇ ಒಳ್ಳೇದು.

300 ಫೋಟೊ ಇವೆ, ಒಂದೊಂದೇ ಮಾಡಬೇಕಾ?

ಬೇಡ. ಇರ್ಫಾನ್‌ವ್ಯೂನಲ್ಲಿ ಬಿ ಒತ್ತಿದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಬ್ಯಾಚ್ ಕನ್ವರ್ಷನ್ ತೆರೆಯುತ್ತದೆ, ಎಕ್ಸ್ಎನ್‌ಕನ್ವರ್ಟ್ ಕೂಡ ಒಳ್ಳೇದು. ಕಮಾಂಡ್ ಟೈಪ್ ಮಾಡುವವರಿಗೆ ಇಮೇಜ್‌ಮ್ಯಾಜಿಕ್ ಇದೆ, ಅದರ ಮಾಗ್ರಿಫೈ ಅನ್ನುವ ಕಮಾಂಡ್ ಇಡೀ ಫೋಲ್ಡರ್ ಮುಗಿಸುತ್ತದೆ.

ಈ ಮಾಗ್ರಿಫೈಗೆ ನಾನು ಬಲಿಯಾಗಿದ್ದೇನೆ. ತಂಗಿಯ ಮದುವೆಯ ಫೋಟೊಗಳು, ಎಲ್ಲಾ ಜೆಪಿಜಿ. ಊರಿನವರಿಗೆ ಹಂಚೋಕೆ 800 ಪಿಕ್ಸೆಲ್‌ಗೆ ಇಳಿಸೋಣ ಅಂತ ಕಮಾಂಡ್ ಹೊಡೆದೆ, ಚಹಾ ಕುಡಿಯೋಕೆ ಹೋದೆ. ಫಾರ್ಮ್ಯಾಟ್ ಬದಲಿಸದೆ, ಬೇರೆ ಫೋಲ್ಡರ್ ಹೇಳದೆ ಓಡಿಸಿದರೆ ಅದು ಮೂಲ ಫೈಲ್ ಮೇಲೇ ಬರೆಯುತ್ತದೆ, ಕೇಳುವುದೂ ಇಲ್ಲ. ವಾಪಸ್ ಬರುವಷ್ಟರಲ್ಲಿ ಅಕ್ಷತೆಯ ಫೋಟೊದಿಂದ ಹಿಡಿದು ಊಟದ ಪಂಕ್ತಿಯವರೆಗೆ ಎಲ್ಲಾ 800 ಪಿಕ್ಸೆಲ್. ಕ್ಯಾಮೆರಾ ಕಾರ್ಡ್ ಅಷ್ಟರಲ್ಲಿ ಅಳಿಸಿಯಾಗಿತ್ತು. ಅವ್ವ ಆ ಆಲ್ಬಮ್ ದೊಡ್ಡದು ಮಾಡಿಸು ಅಂತ ಇನ್ನೂ ಕೇಳುತ್ತಾಳೆ, ನಾನು ಏನೋ ನೆಪ ಹೇಳುತ್ತೇನೆ. ಈಗ ನನ್ನ ಕಂಪ್ಯೂಟರಿನಲ್ಲಿ ಮೊದಲ ಫೋಲ್ಡರಿನ ಹೆಸರೇ "ಮೂಲ, ಮುಟ್ಟಬ್ಯಾಡ್ರಿ".

ಇಷ್ಟೆಲ್ಲ ನಮಗೆ ಆಗಲ್ಲ, ನೀವೇ ಮಾಡಿಕೊಡ್ತೀರಾ?

ತನ್ನಿ. ಪೆನ್ ಡ್ರೈವ್‌ನಲ್ಲಿ ತನ್ನಿ, ಇಲ್ಲದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಅರ್ಜಿಯಲ್ಲಿ ಎಷ್ಟು ಪಿಕ್ಸೆಲ್, ಎಷ್ಟು ಕೆಬಿ ಅಂತ ಬರೆದಿರುವ ಪುಟವನ್ನೂ ಫೋನ್‌ನಲ್ಲಿ ತೆರೆದಿಟ್ಟುಕೊಂಡು ಬನ್ನಿ. ಕೊನೇ ದಿನದ ರಾತ್ರಿ ಎಂಟರ ಮೇಲೆ ಬಂದರೆ ಕುರ್ಚಿ ಸಿಗುವುದಿಲ್ಲ, ನಿಂತೇ ಇರಬೇಕು.